ಹೊಗೆ ಡ್ರಮ್ಮಿನ ಸರ್

ರಬ್ಬರ್ ಬಿರಡೆಯ ಮೇಲೆ ನಮ್ಮ ಪ್ರಯೋಗಾಲಯದ ಅಲಮಾರಿಯ ಅಂಕೆ ಇನ್ನೂ ಅಳಿಸಿರಲಿಲ್ಲ. ನೀಲಿ ಬಣ್ಣದಲ್ಲಿ ಏಳು. ಆ ಬಿರಡೆಯ ನಡುವೆ ತೂರಿಸಿದ ಪಾದರಸದ ಥರ್ಮಾಮೀಟರು ಡೀಸೆಲ್ ಡ್ರಮ್ಮೊಂದರ ಮುಚ್ಚಳದಲ್ಲಿ ನೆಟ್ಟಗೆ ನಿಂತು ನೂರಾ ಹತ್ತು ಡಿಗ್ರಿ ತೋರಿಸುತ್ತಿತ್ತು. ಡ್ರಮ್ಮಿನೊಳಗೆ ಎರಡು ಕೋಳಿಗಳಿದ್ದವು.

ಡ್ರಮ್ಮಿನ ಒಡೆಯರು ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು. ನನಗೆ ಮೂರು ವರ್ಷ ಪಾಠ ಹೇಳಿದವರು. ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದ ಮೇಲೆ ನನಗೆ ತಾಸು ಹಂಚುತ್ತಿದ್ದವರೂ ಅವರೇ. ಕಳೆದ ತಿಂಗಳು ನಿವೃತ್ತರಾದರು. ಅಭಿನಂದನ ಗ್ರಂಥದ ಸಮಿತಿಯವರು ನನ್ನಿಂದಲೂ ಎರಡು ಪುಟ ಕೇಳಿದರು. ಬರೆಯಲು ಸುಲಭವಾಗಲಿ ಎಂದು ಮೂರು ಪದಗಳನ್ನೂ ಕೊಟ್ಟರು: ಸರಳತೆ, ಶಿಸ್ತು, ವೈಜ್ಞಾನಿಕ ಮನೋಭಾವ. ಸಮಯವಿಲ್ಲ ಎಂದೆ. ಸಮಯ ಬೇಕಾದಷ್ಟಿತ್ತು. ಆ ಮೂರನೆಯ ಪದದ ಹತ್ತಿರ ಬಂದಾಗಲೆಲ್ಲ ನನಗೆ ಡ್ರಮ್ಮು ಕಾಣುತ್ತಿತ್ತು.

ಅವರು ಕೆಟ್ಟ ಮೇಷ್ಟ್ರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮೊದಲ ವರ್ಷದ ಪ್ರಯೋಗದ ತರಗತಿಯಲ್ಲಿ ನಮಗೆ ಬಾಟಲಿ ಮುಟ್ಟಲು ಬಿಡುವ ಮುನ್ನ ಚೀಟಿ ಬರೆಯಲು ಕಲಿಸಿದರು. ಒಳಗಿರುವುದು ಏನು, ಎಲ್ಲಿಂದ ಬಂತು, ಯಾವ ದಿನ, ತುಂಬಿದವರು ಯಾರು. ನಾಲ್ಕು ಸಾಲು. "ಚೀಟಿ ಇಲ್ಲದ ಬಾಟ್ಲಿ ಅಂದ್ರ ಹುತ್ತ ಇದ್ದಂಗ. ಒಳಗ ಹಾವು ಅದನೋ ಇಲ್ಲೋ, ಕೈ ಹಾಕಿ ನೋಡಬ್ಯಾಡ್ರಿ" ಎನ್ನುತ್ತಿದ್ದರು. ಒಮ್ಮೆ ಯಾರದೋ ಕೈಯಿಂದ ಥರ್ಮಾಮೀಟರು ಜಾರಿ ಫರಸಿಯ ಮೇಲೆ ಪಾದರಸ ಚೆಲ್ಲಿತು. ನಾವೆಲ್ಲ ಆ ಬೆಳ್ಳಿ ಗುಂಡುಗಳನ್ನು ಬೆರಳಿನಿಂದ ಓಡಿಸಿ ಆಡತೊಡಗಿದ್ದೆವು. ಅವರು ಪಾಠ ನಿಲ್ಲಿಸಿ, ಕಿಟಕಿ ತೆರೆಸಿ, ನಮ್ಮನ್ನು ಹೊರಗೆ ನಿಲ್ಲಿಸಿ, ಗಂಧಕದ ಪುಡಿ ಉದುರಿಸಿ, ತಾವೇ ಕುಕ್ಕರಗಾಲಲ್ಲಿ ಕೂತು ಕಾಗದದ ತುಂಡಿನಿಂದ ಒಂದೊಂದೇ ಹನಿಯನ್ನು ಬಳಿದು ಬಾಟಲಿಗೆ ಹಾಕಿದರು. ಅರ್ಧ ತಾಸು ಹಿಡಿಯಿತು. ಎದ್ದು ನಿಂತು, "ಪಾದರಸ ನುಂಗಿದವ ಬದುಕ್ಯಾನು. ಉಸುರಿನಾಗ ಎಳಕೊಂಡವ ಬದುಕೂದು ಕಷ್ಟ" ಎಂದರು. ಆ ಹೊತ್ತಿನಲ್ಲಿ ಅವರಷ್ಟು ದೊಡ್ಡವರು ನನಗೆ ಬೇರೆ ಯಾರೂ ಇರಲಿಲ್ಲ.

ನಂತರ ಅವರಿಗೆ ಮೊಬೈಲಿನಲ್ಲಿ ವಿಡಿಯೊ ನೋಡುವ ಚಟ ಹತ್ತಿತು.

ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ತನ್ನ ಹಿತ್ತಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಇದ್ದಿಲು ಹಾಕಿ, ಅದರ ಹೊಗೆಯಲ್ಲೇ ಹತ್ತು ತಾಸು ಮಾಂಸ ಬೇಯಿಸುತ್ತಾನಂತೆ. ಸರ್‌ಗೆ ಅದು ಅಡುಗೆಯಾಗಿ ಕಾಣಲಿಲ್ಲ, ವಿಜ್ಞಾನವಾಗಿ ಕಂಡಿತು. ಅಡುಗೆಯಾಗಿ ಕಾಣುವ ಅವಕಾಶವೂ ಇರಲಿಲ್ಲವೆನ್ನಿ. ಅವರ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಹೊರಗೆ ಏನಾದರೂ ತಿನ್ನಿ, ವಾಸನೆಯನ್ನು ಮಾತ್ರ ಹೊಸ್ತಿಲ ಒಳಗೆ ತರಬೇಡಿ ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ಡ್ರಮ್ಮು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿದ್ದ ಅವರ ಹೊಲಕ್ಕೆ ಹೋಯಿತು. ಉಪಕಾಲುವೆಯ ದಂಡೆಗೆ ಹೊಂದಿದ ಹೊಲ. ಅಲ್ಲಿನ ಬೇವಿನ ಟೊಂಗೆಗೆ ಅವರ ಹೊಗೆ ಅಂಗಿ ತೂಗಾಡುತ್ತಿತ್ತು. ಭಾನುವಾರ ಬಂದ ಕೂಡಲೇ ಹಣೆಯ ವಿಭೂತಿಯನ್ನು ಟಾವೆಲಿನಿಂದ ಒರೆಸಿ, ಆ ಅಂಗಿ ತೊಟ್ಟು, ಸಂಜೆ ಕಾಲುವೆಯ ನೀರಲ್ಲಿ ಮಿಂದು, ವಿಭೂತಿ ಹಚ್ಚಿಕೊಂಡು ಮನೆಗೆ ಹೋಗುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಅವರೊಬ್ಬರೇ ಅದನ್ನು ಗುಟ್ಟೆಂದು ನಂಬಿದ್ದರು.

ಡ್ರಮ್ಮು ಸೀಳಿ ಕೀಲು ಕೂಡಿಸಿದ ವೆಲ್ಡಿಂಗ್ ಅಂಗಡಿಯವನಿಗೆ ಅವರು ಅರ್ಧ ತಾಸು ಅದರ ತತ್ವ ವಿವರಿಸಿದರಂತೆ. ಜೊತೆಗಿದ್ದ ನಮ್ಮ ಪ್ರಯೋಗಾಲಯದ ಜವಾನ ಮಲ್ಲಪ್ಪ ಇದನ್ನು ನನಗೆ ಹೇಳಿದ. ಎಲ್ಲ ಕೇಳಿಸಿಕೊಂಡ ವೆಲ್ಡರ್, ತಂದೂರ್ ಬೇಕಿದ್ದರೆ ತಂದೂರ್ ಎಂದೇ ಹೇಳಬಹುದಿತ್ತಲ್ಲ ಎಂದನಂತೆ. ಸರ್‌ಗೆ ನೋವಾಯಿತು. "ತಂದೂರಿನಾಗ ಬೆಂಕಿ ಅಡಗಿ ಮಾಡ್ತದ. ಇದರಾಗ ಹೊಗಿ ಅಡಗಿ ಮಾಡ್ತದ" ಎಂದರು. "ಹೊಗಿ ನಮ್ಮ ಮನ್ಯಾಗೂ ಅದ್ರಿ ಸಾಹೇಬ್ರ. ಅಡಗಿ ಮಾತ್ರ ಹೆಣ್ಮಕ್ಕಳೇ ಮಾಡ್ತಾರ" ಎಂದನಂತೆ ಅವನು.

ಮೊದಲ ಚಿಮಣಿಗೆ ಅವರು ಬಳಸಿದ್ದು ಪಿವಿಸಿ ಕೊಳವೆ. ಕಾಲುವೆಯಿಂದ ಹೊಲಕ್ಕೆ ನೀರೆತ್ತಲು ತಂದು ಉಳಿದ ತುಂಡು. ಮೂವತ್ತು ವರ್ಷ ಪಾಲಿಮರ್ ಪಾಠ ಮಾಡಿದ ಮನುಷ್ಯ ಕಾದ ಡ್ರಮ್ಮಿಗೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ, ಅದು ಬಾಡಿದ ಬಾಳೆದಿಂಡಿನ ಹಾಗೆ ಬಾಗುವುದನ್ನು ನಿಂತು ನೋಡಿದರು. ತಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದರು ಕೂಡ. ಹೌದು, ನೋಟ್‌ಬುಕ್ಕಿತ್ತು. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಪಿವಿಸಿಯ ದಿನದ ಫಲಿತಾಂಶ: ಯಶಸ್ವಿ, ಚಿಮಣಿ ಬದಲಿಸುವುದು. ಆ ನೋಟ್‌ಬುಕ್ಕನ್ನು ವಿಭಾಗದಲ್ಲಿ ಎಲ್ಲರಿಗೂ ತೋರಿಸುತ್ತಿದ್ದರು. ನಾನು ಪುಟ ಪುಟವಾಗಿ ಓದಿದ್ದೇನೆ. ಫಲಿತಾಂಶದ ಜಾಗದಲ್ಲಿ ಯಶಸ್ವಿ ಎಂಬ ಪದವಿಲ್ಲದ ಪುಟ ಒಂದೂ ಇರಲಿಲ್ಲ. ಪ್ರಯೋಗ ಮಾಡುವ ಮೊದಲೇ ಉತ್ತರ ಬರೆದಿಟ್ಟ ವಿದ್ಯಾರ್ಥಿಯ ಹಾಳೆಯ ಮೇಲೆ ಕೆಂಪು ಗೆರೆ ಎಳೆಯುತ್ತಿದ್ದ ಕೈ ಅದೇ.

ಇದ್ದಿಲಿಗೆ ತೊಂದರೆಯಿರಲಿಲ್ಲ. ಕಾಲುವೆಯ ದಂಡೆಯುದ್ದಕ್ಕೂ ಬಳ್ಳಾರಿ ಜಾಲಿ ಬೆಳೆದಿತ್ತು, ಅದನ್ನು ಸುಟ್ಟು ಇದ್ದಿಲು ಮಾಡುವವರು ಚೀಲಗಟ್ಟಲೆ ಕೊಡುತ್ತಿದ್ದರು. ಹೊಗೆಗೆ ಯಾವ ಕಟ್ಟಿಗೆ ಎಂಬುದೇ ಅವರ ಸಂಶೋಧನೆ. ಹುಣಸೆ, ತೊಗರಿ ಕಟ್ಟಿಗೆ, ಆಮೇಲೆ ಬೇವು. ಬೇವಿನ ಹೊಗೆಯಲ್ಲಿ ನಾಲ್ಕು ತಾಸು ಬೆಂದ ಕೋಳಿಯನ್ನು ನಾವು ಆರು ಮಂದಿ ಸಹೋದ್ಯೋಗಿಗಳು ತಿಂದೆವು. ಕಹಿ ಗಂಟಲಿನಲ್ಲಿ ಮರುದಿನದವರೆಗೂ ಇತ್ತು. ಆರೋಗ್ಯಕ್ಕೆ ಒಳ್ಳೆಯದು ಎಂದರು ಸರ್. ಹೌದು ಹೌದು ಎಂದು ಭೌತಶಾಸ್ತ್ರದವರು ಎರಡನೆಯ ತುಂಡು ತೆಗೆದುಕೊಂಡರು. ನಾನೂ ತಲೆಯಾಡಿಸಿದೆ.

ಸೀತನಿಯ ಭಾನುವಾರವಂತೂ ಮರೆಯುವಂಥದ್ದಲ್ಲ. ಕಾಲುವೆಯ ನೀರು ಬಂದ ಮೇಲೆ ಈ ಭಾಗದಲ್ಲಿ ಜೋಳ ಸರಿದು ಭತ್ತ ಬಂತು. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಹೊರಳಿಸಿ, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ತಿನ್ನುವ ಸೀತನಿ ಈಗ ಅಪರೂಪ. ಎಲ್ಲಿಂದಲೋ ಒಂದು ಹೊರೆ ತೆನೆ ತರಿಸಿದ್ದರು. ಕಣ್ಣು ಮಿಟುಕಿಸುವುದರೊಳಗೆ ಆಗುವ ಸೀತನಿಯನ್ನು ಅವರು ಡ್ರಮ್ಮಿನಲ್ಲಿ ಮೂರು ತಾಸು ಇಟ್ಟರು. ಹೊರಬಂದ ಕಾಳನ್ನು ಕಚ್ಚಿದ ಮಲ್ಲಪ್ಪ ಬದುವಿನ ಕಡೆ ಹೋಗಿ ಉಗುಳಿ ಬಂದ. ಫಲಿತಾಂಶ: ಯಶಸ್ವಿ.

ನಾವು ತಿನ್ನದೆ ಉಳಿಸಿದ್ದೆಲ್ಲ ಹೊಲದ ಮೂಲೆಯ ಗುಡಿಸಲಿಗೆ ಹೋಗುತ್ತಿತ್ತು. ಅಲ್ಲಿ ಹೊಲ ಕಾಯುವ ನಾಗಮ್ಮ, ಅವಳ ಗಂಡ, ಮಕ್ಕಳು ಇದ್ದರು. ಮಲ್ಲಪ್ಪ ಗಂಗಾಳ ಕೊಟ್ಟು ಬರುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ಗಂಗಾಳ ಬೆಳಗಿ ಬೆಳ್ಳಗಾಗಿ ಬರುತ್ತಿತ್ತು, ಅದರಲ್ಲಿ ಒಂದು ಹಿಡಿ ಹಸಿ ಮೆಣಸಿನಕಾಯಿ. ಸರ್ ಅದನ್ನೂ ಬರೆದಿದ್ದರು: ಕೂಲಿ ಕುಟುಂಬದಿಂದ ಅಪಾರ ಮೆಚ್ಚುಗೆ.

ಒಂದು ಸಲ ವಿಭಾಗದಲ್ಲಿ ನಾನೊಬ್ಬಳೇ ಇದ್ದಾಗ ನೋಟ್‌ಬುಕ್ಕು ತೆರೆದು ಹತ್ತಿರ ಬಂದರು. ಯಾರಾದರೂ ಎದುರಿಗಿದ್ದರೆ ನಾನು ಮೇಡಂ, ಇಲ್ಲದಿದ್ದರೆ ನೀನು. "ನಿಮ್ಮ ಕಡಿ ಜನ ಖಂಡ ಹೊಗಿಗಿ ಕಟ್ಟತಾರಂತಲ್ಲ. ಉಪ್ಪು ಎಷ್ಟು ಹಾಕ್ತಾರ, ಏನು, ಜರಾ ಹೇಳು" ಎಂದರು. ನಮ್ಮ ಕಡೆ ಎಂದರೆ ನನ್ನೂರು ವಡಗೇರಾ ಕಡೆಯಲ್ಲ, ನಮ್ಮ ಕೇರಿ ಎಂದು ಇಬ್ಬರಿಗೂ ಗೊತ್ತಿತ್ತು. ಅವ್ವ ಉಪ್ಪು ಅರಿಶಿನ ಹಚ್ಚಿದ ಖಂಡವನ್ನು ಒಲೆಯ ಮೇಲಿನ ಹಗ್ಗಕ್ಕೆ ಸಾಲಾಗಿ ಹಾಕುವುದು, ವಾರವಿಡೀ ರೊಟ್ಟಿ ಬಡಿಯುವ ಹೊಗೆ ಅದಕ್ಕೆ ಹತ್ತುವುದು, ಎಲ್ಲ ನನ್ನ ಕಣ್ಣೆದುರಿಗೆ ಬಂತು. ನನಗೆ ಗೊತ್ತಿಲ್ಲ ಸರ್ ಎಂದೆ. ಅವರಿಗೆ ನಾನು ಹೇಳಿದ ಸುಳ್ಳು ಅದೊಂದೇ. ಬೇವಿನ ಕೋಳಿಗೆ ತಲೆಯಾಡಿಸಿದ್ದನ್ನು ಲೆಕ್ಕಕ್ಕೆ ಹಿಡಿದರೆ ಎರಡು.

ತಲೆಯಾಡಿಸಿದ್ದು ಏಕೆಂದು ಹೇಳಬೇಕು. ಪ್ರತಿ ಸೆಮಿಸ್ಟರಿನ ಆರಂಭದಲ್ಲಿ ಅತಿಥಿ ಉಪನ್ಯಾಸಕರ ಕಾರ್ಯಭಾರದ ಪಟ್ಟಿ ಹೊರಡುತ್ತದೆ. ಯಾರಿಗೆ ಎಷ್ಟು ತಾಸು ಎಂದು ಮುಖ್ಯಸ್ಥರು ತುಂಬಿ ಸಹಿ ಹಾಕುತ್ತಾರೆ. ಹದಿನೈದು ತಾಸು ಬಂದರೆ ಶಹಾಪುರದಲ್ಲಿ ನನ್ನ ಬಾಡಿಗೆ ಕೋಣೆ, ನನ್ನ ಮೇಜು, ನನ್ನ ಪುಸ್ತಕ. ಎಂಟು ಬಂದರೆ ಕೋಣೆ ಬಿಟ್ಟು ಊರು, ದಿನಾ ಎರಡು ಬಸ್ಸು. ನಾನು ಎರಡನ್ನೂ ಕಂಡಿದ್ದೇನೆ.

ಒಂದು ಚಳಿಗಾಲದ ಶನಿವಾರ ಸರ್ ನನ್ನನ್ನು ಕರೆದು, "ನಾಳೆ ಪ್ರಾಚಾರ್ಯರು ಹೊಲಕ್ಕ ಬರಾಕತ್ತಾರ. ನೀನೂ ಬಾ. ಸೋಮವಾರ ಪಟ್ಟಿ ಮಾಡೂದದ" ಎಂದರು. ಮಾತುಗಳನ್ನು ಅವರು ಹೀಗೆ ಒಂದರ ಪಕ್ಕ ಒಂದು ಇಡುತ್ತಿದ್ದರು. ಪ್ರಾಚಾರ್ಯರು ಯಾದಗಿರಿಯಿಂದ ಹೊಸದಾಗಿ ಬಂದವರು, ಡ್ರಮ್ಮನ್ನು ಇನ್ನೂ ಕಂಡಿರಲಿಲ್ಲ.

ಹೋದೆ. ಸಹೋದ್ಯೋಗಿಗಳೂ ಬಂದಿದ್ದರು. ಕಾಲುವೆಗೆ ನೀರು ಬಿಟ್ಟಿದ್ದರು. ನಾಟಿ ಮಾಡಿದ ಗದ್ದೆಯಲ್ಲಿ ಬೋನಾಳ ಕೆರೆಯ ಕಡೆಯಿಂದ ಬಂದ ಬೆಳ್ಳಕ್ಕಿಗಳು ನಿಂತಿದ್ದವು. ಏಳರ ಅಂಕೆಯ ಬಿರಡೆಯನ್ನು ನಾನು ಕಂಡದ್ದು ಆಗಲೇ. ಹಿಂದಿನ ವಾರಗಳಲ್ಲಿ ಮುಚ್ಚಳದ ಆ ತೂತಿಗೆ ಬಟ್ಟೆ ತುರುಕಿರುತ್ತಿತ್ತು. ಪ್ರಾಚಾರ್ಯರು ಬರುತ್ತಾರೆಂದು ಸರ್ ಪ್ರಯೋಗಾಲಯವನ್ನೇ ತಂದಿದ್ದರು. ಕೋಳಿ ಎಷ್ಟು ಡಿಗ್ರಿಯಲ್ಲಿ ಏನಾಗುತ್ತದೆ ಎಂದು ಪ್ರಾಚಾರ್ಯರಿಗೆ ತುಂಬಾ ಹೊತ್ತು ವಿವರಿಸಿದರು. ಪ್ರಾಚಾರ್ಯರು ಹಸಿದಿದ್ದರು. ಕೊನೆಗೆ ಸರ್ ಶಿಲಾಫಲಕದ ಪರದೆ ಸರಿಸುವವರ ಹಾಗೆ ಮುಚ್ಚಳ ಎತ್ತಿದರು. ಹಿಡಿಕೆ ಬಿಸಿಯಿತ್ತು. ಕೈ ಜಾರಿತು, ಮುಚ್ಚಳ ದಪ್ಪನೆ ಬಿತ್ತು. ಒಳಗೆ ಟಿಕ್ ಎಂದು ಒಂದು ಸಣ್ಣ ಸದ್ದು.

ಮತ್ತೆ ಎತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಬಿರಡೆಯನ್ನು ಕಿತ್ತರು. ಥರ್ಮಾಮೀಟರು ಅರ್ಧವೇ ಬಂತು. ಅವರು ನನ್ನನ್ನು ನೋಡಿದರು, ಅದನ್ನು ಹೊಗೆ ಅಂಗಿಯ ಜೇಬಿಗೆ ಇಳಿಸಿದರು. ಕೋಳಿಯ ತಟ್ಟೆಯ ಅಂಚಿನಲ್ಲಿ ಎರಡು ಬೆಳ್ಳಿ ಹನಿಗಳಿದ್ದವು. ಒಂದನ್ನು ಇಕ್ಕಳದಿಂದ ಕೆಳಗಿನ ಕೆಂಡಕ್ಕೆ ತಳ್ಳಿದರು.

ನಾನು ಹತ್ತಿರ ಹೋಗಿ ಮೆಲ್ಲಗೆ, "ಸರ್, ಬುಡ ಒಳಗ ಒಡದದ" ಎಂದೆ.

"ಗೊತ್ತದ. ಸುಮ್ನಿರು."

"ಪಾದರಸ ಕೆಂಡದ ಮ್ಯಾಲ ಬಿದ್ದದ್ರಿ."

ಅವರು ಅತಿಥಿಗಳ ಕಡೆ ನಗುತ್ತಲೇ ತುಟಿ ಅಲುಗಿಸದ ಹಾಗೆ ಹೇಳಿದರು: "ಒಂದ್ ಹನಿ. ನಮ್ಮ ಹಿರಿಯರು ಪಾದರಸದ್ದೇ ಲಿಂಗ ಮಾಡಿ ಪೂಜಿ ಮಾಡ್ಯಾರ, ಔಷಧದಾಗ ಹಾಕ್ಯಾರ. ಏನೂ ಆಗಂಗಿಲ್ಲ. ನಾಳೆ ಪಟ್ಟಿ ಅದ, ನೆನಪಿರ್ಲಿ."

ಗಂಧಕ ಉದುರಿಸಿ ಕುಕ್ಕರಗಾಲಲ್ಲಿ ಕೂತಿದ್ದ ಮನುಷ್ಯ ಇವರೇನಾ ಎಂದು ಮುಖ ನೋಡಿದೆ. ಇವರೇ. ಪ್ರಾಚಾರ್ಯರ ಕೈಯಲ್ಲಿ ಆಗಲೇ ತಟ್ಟೆಯಿತ್ತು. ನಾನು ತರಗತಿಯ ಹೊರಗೆ ಹತ್ತು ಜನರೆದುರು ದನಿಯೆತ್ತಿ ಮಾತಾಡಿದವಳಲ್ಲ. ಆ ದಿನ ಮಾತಾಡಿದೆ. "ಎಲ್ಲಾರೂ ಹೊಗಿಯಿಂದ ಈಚಿ ಬರ್ರಿ. ಥರ್ಮಾಮೀಟರ್ ಡ್ರಮ್ಮಿನಾಗ ಒಡದದ. ಇದನ್ನ ಯಾರೂ ತಿನ್ನಬಾರದು."

ಪ್ರಾಚಾರ್ಯರು ಸರ್ ಕಡೆ ನೋಡಿದರು. ಸರ್ ನಕ್ಕು, ನಮ್ಮ ಮೇಡಂ ಜರಾ ಅಂಜುಬುರುಕಿ ಎಂದು, ಒಂದು ಕಾಲು ಎತ್ತಿಕೊಂಡು ಎಲ್ಲರೆದುರು ಕಚ್ಚಿದರು. ನಿಧಾನವಾಗಿ ಅಗಿದರು. ನುಂಗಿದರು. ಮತ್ತೊಂದು ತುತ್ತು ಕಚ್ಚಿದರು. ಯಾರೂ ಅವರ ಜೊತೆಗೂಡಲಿಲ್ಲ. ಪ್ರಾಚಾರ್ಯರಿಗೆ ಯಾವುದೋ ಫೋನು ನೆನಪಾಗಿ ತಟ್ಟೆಯನ್ನು ಬದುವಿನ ಮೇಲಿಟ್ಟರು. ಭೌತಶಾಸ್ತ್ರದವರು ಅವರಿಗಿಂತ ಮೊದಲೇ ಗಾಡಿಯ ಹತ್ತಿರ ಇದ್ದರು. ಸರ್‌ಗೆ ಆ ರಾತ್ರಿ ಏನೂ ಆಗಲಿಲ್ಲ, ಆಮೇಲೂ ಆಗಲಿಲ್ಲ. ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ನುಂಗಿದವ ಬದುಕುತ್ತಾನೆ ಎಂದು ಅವರೇ ಪಾಠ ಮಾಡಿದ್ದರಲ್ಲ.

ಗಾಡಿಗಳು ಹೋದ ಮೇಲೆ ಉಳಿದ ತಟ್ಟೆಯನ್ನು ನೋಡಿ ಅವರು ಅಂದದ್ದು ಇಷ್ಟು: "ಮಲ್ಲಪ್ಪ, ಒಗಿಬ್ಯಾಡ. ನಾಗಮ್ಮನ ಮನಿಗಿ ಕೊಟ್ಟು ಬಾ."

ಸಿಟ್ಟಿನಿಂದ ಹೇಳಿದ್ದಲ್ಲ. ಪ್ರತಿ ಭಾನುವಾರ ಹೇಳುವ ಹಾಗೆಯೇ ಹೇಳಿದರು. ಡ್ರಮ್ಮಿನ ಮುಚ್ಚಳ ಹಾಕಿ, ಟಾವೆಲು ತೆಗೆದುಕೊಂಡು ಸ್ನಾನಕ್ಕೆ ಕಾಲುವೆಯ ಕಡೆ ನಡೆದರು. ನಾನು ಮಲ್ಲಪ್ಪನ ಕೈಯಿಂದ ತಟ್ಟೆ ಇಸಿದುಕೊಂಡೆ. ಅವನು ಎರಡು ಹೆಜ್ಜೆ ಹಿಂದೆ ಬಂದ, ಬೇಡವೆನ್ನಲಿಲ್ಲ.

ಗುಡಿಸಲ ಮುಂದೆ ನಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಇದನ್ನು ತಿನ್ನಬೇಡಿ, ಮಕ್ಕಳಿಗೆ ಕೊಡಬೇಡಿ, ಇದರಲ್ಲಿ ವಿಷ ಬಿದ್ದಿದೆ ಎಂದೆ. ಅವಳು ಕೈಯ ಹಿಟ್ಟು ಝಾಡಿಸಿ ನಕ್ಕಳು.

"ಯವ್ವಾ, ಸಾಹೇಬ್ರು ಕಳಿಸಿದ್ದು ನಾವು ಯಾವತ್ತ ತಿಂದೀವಿ? ಬೇವಿನ ಕೋಳಿ ಕಳಿಸಿದ ದಿನ ನಾಯಿಗಿ ಹಾಕಿದ್ನಿ. ನಾಯಿ ಅದನ್ನ ಮೂಸಿತು, ಆಮ್ಯಾಲ ನನ್ನ ಮಾರಿ ನೋಡ್ತು."

"ಮತ್ತ ಮೆಣಸಿನಕಾಯಿ ಕಳಿಸ್ತಿದ್ದಿ?"

"ಬಂದ ಗಂಗಾಳ ಖಾಲಿ ಕಳಿಸಬಾರದಲ್ಲವಾ."

ಮಲ್ಲಪ್ಪ ಮುಖ ತಿರುಗಿಸಿಕೊಂಡ, ಅವನ ಭುಜ ಅಲುಗಾಡುತ್ತಿತ್ತು. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನೂ ನಕ್ಕೆ. ಇಡೀ ನೋಟ್‌ಬುಕ್ಕಿನಲ್ಲಿ ಖರೆ ಫಲಿತಾಂಶ ಸಿಕ್ಕಿದ್ದು ಆ ನಾಯಿಗೆ. ಕಾಲುವೆಯಿಂದ ದೂರ, ಬದುವಿನ ಆಚೆ ಮಲ್ಲಪ್ಪ ಮೊಣಕಾಲುದ್ದ ಗುಂಡಿ ತೋಡಿ ಎಲ್ಲವನ್ನೂ ಹೂತ. ಇನ್ನು ಹೊರಡಬೇಕು ಎನ್ನುವಷ್ಟರಲ್ಲಿ ನಾಗಮ್ಮ ಅಂದಳು: "ಅಡಗಿ ಹಾಳಾಗಿ ಹೋಗ್ಲಿ ತಂಗಿ. ಅವರ ಡ್ರಮ್ಮಿನ ಬೂದಿ ಮಾತ್ರ ಭಾಳ ಚಲೋ. ಪ್ರತಿ ಸೋಮವಾರ ಮುಂಜಾನೆ ತುಂಬಿಕೊಂಡು ಬರ್ತೀನಿ. ವಾರ ಪೂರ್ತಿ ಅದರಾಗೇ ಬಾಂಡೆ ಬೆಳಗ್ತೀವಿ."

ನನ್ನ ನಗು ಅಲ್ಲೇ ನಿಂತಿತು. ಹೊಗೆಯಾಗದೆ ಉಳಿದ ಪಾದರಸವೆಲ್ಲ ಆ ಬೂದಿಯಲ್ಲೇ ಇತ್ತು. ಅವಳು ಅದನ್ನು ಬರಿಗೈಯಲ್ಲಿ ಬಾಚಿ, ಮಕ್ಕಳು ಉಣ್ಣುವ ಗಂಗಾಳಕ್ಕೆ ತಿಕ್ಕುವವಳು. ಡ್ರಮ್ಮಿನೊಳಗೆ ಕೆಂಡ ಇನ್ನೂ ಕೆಂಪಗಿತ್ತು, ಆಗ ಏನೂ ಮಾಡುವಂತಿರಲಿಲ್ಲ. ಸರ್ ಕಾಲುವೆಯಿಂದ ಎದ್ದು ಬಂದು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಅವರಿಗೆ ಬೂದಿಯ ವಿಷಯ ಹೇಳಿದೆ. "ಅಷ್ಟೆಲ್ಲ ತಲಿ ಕೆಡಿಸ್ಕೋಬ್ಯಾಡ" ಎಂದು ಕನ್ನಡಿ ಮಡಚಿದರು. ನಾನು ಮತ್ತೆ ಗುಡಿಸಲಿಗೆ ಹೋಗಿ, ನಾನು ಬರುವವರೆಗೆ ಡ್ರಮ್ಮು ಮುಟ್ಟಬಾರದೆಂದು ನಾಗಮ್ಮನಿಂದ ಮಾತು ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಆರೂವರೆಗೆ ಮಲ್ಲಪ್ಪ ಪ್ರಯೋಗಾಲಯ ತೆರೆದುಕೊಟ್ಟ. ಏಳನೆಯ ಅಲಮಾರಿಯಿಂದ ಗಂಧಕದ ಡಬ್ಬಿ, ಬಿರಡೆಯಿರುವ ಒಂದು ಸಣ್ಣ ಬಾಟಲಿ, ನಾಲ್ಕು ಗಟ್ಟಿ ಕಾಗದ ತೆಗೆದುಕೊಂಡೆ. ಸರ್ ಕೇಳಿದರೆ ಏನು ಹೇಳಲಿ ಎಂದ. ನಾನು ಒಯ್ದೆನೆಂದು ಹೇಳಿ ಎಂದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಪಾತ್ರೆ ತೊಳೆಯುವ ಪುಡಿಯ ಪೊಟ್ಟಣ ಕೊಂಡು ಸುರಪುರದ ಬಸ್ಸು ಹತ್ತಿದೆ.

ನಾಗಮ್ಮ ಮಾತಿನಂತೆ ಡ್ರಮ್ಮು ಮುಟ್ಟಿರಲಿಲ್ಲ. ಗಾಳಿ ಬರುವ ದಿಕ್ಕಿಗೆ ನಿಂತು, ಮೂಗಿಗೆ ದುಪಟ್ಟಾ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ತಣ್ಣಗಾದ ಬೂದಿಯನ್ನು ತಗಡಿನ ಮೇಲೆ ತೆಳ್ಳಗೆ ಹರವಿದೆ. ಮೂರು ಹನಿ ಸಿಕ್ಕವು. ಒಂದೊಂದನ್ನೇ ಕಾಗದದ ಅಂಚಿನಿಂದ ಉರುಳಿಸಿ ಬಾಟಲಿಗೆ ಇಳಿಸಿದೆ. ಉಳಿದದ್ದರ ಮೇಲೆ ಗಂಧಕ ಉದುರಿಸಿ, ಹಳದಿಯಾದ ಬೂದಿಯನ್ನು ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಬಾಯಿ ಬಿಗಿದು ನಿನ್ನೆಯ ಗುಂಡಿಯ ಪಕ್ಕದಲ್ಲಿ ಆಳವಾಗಿ ಹೂತೆ. ಇಷ್ಟು ಸಣ್ಣದಕ್ಕೆ ಇಷ್ಟು ದೂರ ಬಂದೆಯಾ ಎಂದು ನಾಗಮ್ಮ ಬಾಟಲಿಯನ್ನು ನೋಡಿ ಕೇಳಿದಳು. ಹೌದೆಂದೆ. ಪುಡಿಯ ಪೊಟ್ಟಣ ಕೊಟ್ಟೆ. ಅವಳು ನನ್ನ ಚೀಲಕ್ಕೆ ಒಂದು ಹಿಡಿ ಮೆಣಸಿನಕಾಯಿ ಹಾಕಿದಳು.

ಹತ್ತು ಗಂಟೆಗೆ ಕಾಲೇಜಿನಲ್ಲಿದ್ದೆ. ಸರ್ ಇನ್ನೂ ಬಂದಿರಲಿಲ್ಲ. ಅವರ ಮೇಜಿನ ಮೇಲೆ ಕಾರ್ಯಭಾರದ ಪಟ್ಟಿ ಇತ್ತು, ನನ್ನ ಹೆಸರಿನ ಮುಂದಿನ ಜಾಗ ಖಾಲಿ. ನಾನು ನಿಂತಲ್ಲೇ ಚೀಟಿ ಬರೆದೆ. ಪಾದರಸ, ಮೂರು ಹನಿ. ಎಲ್ಲಿಂದ: ಹೊಲದ ಹೊಗೆ ಡ್ರಮ್ಮಿನ ಬೂದಿ. ಮೂರನೆಯ ಸಾಲಿನಲ್ಲಿ ಆ ದಿನದ ತಾರೀಖು. ನಾಲ್ಕನೆಯ ಸಾಲಿನಲ್ಲಿ ತುಂಬಿದವರು ಎಂಬುದರ ಮುಂದೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ. ಚೀಟಿಯನ್ನು ಬಾಟಲಿಗೆ ಅಂಟಿಸಿ, ಬಾಟಲಿಯನ್ನು ಪಟ್ಟಿಯ ಮೇಲೆ ಇಟ್ಟು, ಮೊದಲ ತಾಸಿನ ತರಗತಿಗೆ ಹೋದೆ.